ಅಪ್ಪನ ಜೊತೆ ಎಂಜಿಬಿ ರಿಪೇರಿ ಮಾಡಿದ್ದು

ಎಂಜಿಬಿ 1962ರಿಂದ 1980ರವರೆಗೆ ತಯಾರಾದ ಕಾರು. ನಮಗೆ ಸಿಕ್ಕಿದ್ದು 1966ರದ್ದು, ಮೇಲ್ಚಾವಣಿ ತೆಗೆಯುವಂಥದ್ದು. ಬಣ್ಣ ಹೊಳೆಯುತ್ತಿತ್ತು, ನನಗೆ ಖುಷಿಯೋ ಖುಷಿ. ಅಪ್ಪ ಮಾತ್ರ ಮಂಡಿಯೂರಿ, ಬಾಗಿಲ ಕೆಳಗಿನ ಸಿಲ್‌ಗೆ ಸ್ಕ್ರೂಡ್ರೈವರ್ ಒತ್ತಿದರು. ತುಕ್ಕು ತಿಂದ ತಗಡು, ಅದು ಸೀದಾ ಒಳಗೆ ಹೋಯಿತು.

ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲವನ್ನೂ ಹೊರಬೇಕು. ಮೇಲೆ ಗಟ್ಟಿ ಚಾವಣಿಯೂ ಇಲ್ಲ, ಹಾಗಾಗಿ ಸಿಲ್‌ಗಳ ಮೇಲೆ ಭಾರ ಜಾಸ್ತಿ. ತುಕ್ಕು ಹಿಡಿದ ಸಿಲ್ ಬದಲಿಸಲು ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಬೇಕು. ನನಗೆ ಗೊತ್ತಿತ್ತು. ಆದರೂ ಅಪ್ಪ ಇಲ್ಲದ ಒಂದು ಸಂಜೆ, ಸುಮ್ನೆ ಅವಸರಕ್ಕೆ, ಪಟ್ಟಿ ಹಾಕದೆ ಎಡಗಡೆ ಕತ್ತರಿಸಿಬಿಟ್ಟೆ. ನಡು ಕುಸಿಯಿತು. ಮಾರನೇ ದಿನ ಬಾಗಿಲು ಹಾಕಲು ಹೋದರೆ ಮೇಲಿನ ಮೂಲೆ ಬಾಡಿಗೆ ಉಜ್ಜುತ್ತಿದೆ.

ಅಪ್ಪ ಬೈಯಲಿಲ್ಲ. ಬಾಗಿಲನ್ನು ಬಿಚ್ಚಲು ಹೊರಟವನನ್ನು ತಡೆದು, "ಬೇಡ ಬಿಡು, ಅದೇ ನಮ್ಮ ಅಳತೆಗೋಲು" ಅಂದರು. ನಡುವಿಗೆ ಜಾಕ್ ಕೊಟ್ಟು ಒಂದಿಷ್ಟು ಎತ್ತುವುದು, ಬಾಗಿಲ ಸಂದು ನೋಡುವುದು, ಮತ್ತೆ ಎತ್ತುವುದು. ಸಂದು ಮೇಲೂ ಕೆಳಗೂ ಹೆಚ್ಚುಕಡಿಮೆ ಒಂದೇ ಆದಮೇಲೆ ಪಟ್ಟಿ ಬೆಸೆದೆವು. ಹತ್ತು ನಿಮಿಷದ ಕಟಿಂಗ್‌ಗೆ ಮೂರು ಭಾನುವಾರ ಹೋಯಿತು.

ನಟ್ಟು ಬೋಲ್ಟುಗಳದ್ದು ಇನ್ನೊಂದು ಪಾಠ. ಎಲ್ಲ ಇಂಚಿನ ಲೆಕ್ಕ. ಅರ್ಧ ಇಂಚಿನ ನಟ್ಟಿಗೆ 13 ಎಂಎಂ ಸ್ಪ್ಯಾನರ್ ಕೂತ ಹಾಗೇ ಅನಿಸುತ್ತದೆ, ಆಮೇಲೆ ಜಾರಿ ಮೂಲೆ ಸವೆಸುತ್ತದೆ. ಇಂಚಿನ ಸೆಟ್ ತಂದ ಮೇಲೆಯೇ ಕೆಲಸ ಸಲೀಸಾಯಿತು. 1798 ಸಿಸಿ ಎಂಜಿನ್ ಜಾಸ್ತಿ ಕಾಡಲಿಲ್ಲ.

ನನಗೆ ಇಷ್ಟವಾಗಿದ್ದು ಎಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಎರಡು ಎಸ್‌ಯು ಕಂಪನಿಯ ಕಾರ್ಬ್ಯುರೇಟರ್‌ಗಳನ್ನು ಸಮ ಮಾಡಿದ ದಿನ. ಎರಡನ್ನೂ ಜೋಡಿಸುವ ಕ್ಲಾಂಪ್ ಸಡಿಲಿಸಿ, ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರ್ ಬಾಯಿಗೆ. ಗಾಳಿ ಎಳೆಯುವ ಸದ್ದು ಎರಡರಲ್ಲೂ ಒಂದೇ ಬರುವವರೆಗೆ ಸ್ಕ್ರೂ ತಿರುಗಿಸಬೇಕು. ಅಪ್ಪನಿಗೆ ಈಗ ಕಿವಿ ಸ್ವಲ್ಪ ಮಂದ. ಟ್ಯೂಬ್ ನನಗೆ ಕೊಟ್ಟು, ತಾವು ಫೆಂಡರ್ ಮೇಲೆ ಅಂಗೈ ಇಟ್ಟು ನಿಂತರು. ಸರಿಯಾಯಿತು ಅಂದೆ. "ಇಲ್ಲ, ಇನ್ನೂ ನಡುಗುತ್ತಿದೆ. ಹಿಂದಿನದನ್ನು ಸ್ವಲ್ಪ ನೋಡು." ಕಾಲು ಸುತ್ತು ತಿರುಗಿಸಿದ್ದೇ ಎಂಜಿನ್ ಮೆತ್ತಗಾಯಿತು.

ಎಡಬಾಗಿಲನ್ನು ಈಗಲೂ ಜೋರಾಗಿ ಎಳೆದೇ ಹಾಕಬೇಕು. ಸುತ್ತಾಡಲು ಹೊರಟಾಗೆಲ್ಲ ಅಪ್ಪ ಬಲಗಡೆ ಹೋಗಿ ಕೂತುಬಿಡುತ್ತಾರೆ. "ಎಡಗಡೆ ನಿಂದು" ಅನ್ನುತ್ತಾರೆ.