ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಎಸ್‌ಯುವಿ: ಓಡಿದ ಕಿ.ಮೀ. ನೋಡದೆ ಕೊಂಡ ಅನುಭವ

ಸಣ್ಣ ಟರ್ಬೊ (ಎಕ್ಸಾಸ್ಟ್ ಬಲದಿಂದ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಪೆಟ್ರೋಲ್ ಗಾಡಿ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ, ತಗೊಂಡರೂ 30 ಸಾವಿರ ಕಿ.ಮೀ. ಒಳಗೆ ಓಡಿದ್ದನ್ನೇ ತಗೋ ಅಂದವರೇ ಎಲ್ಲ. ನಾನು ತಗೊಂಡಿದ್ದು 90 ಸಾವಿರದ ಆಸುಪಾಸು ಓಡಿದ್ದು. ಆಮೇಲೆ 40 ಸಾವಿರದಷ್ಟು ಓಡಿಸಿಯಾಯಿತು, ಟರ್ಬೊಗೆ ಸ್ಪ್ಯಾನರ್ ತಾಗಿಲ್ಲ. ಬೇಡ ಅಂದವರಲ್ಲಿ ಕೆಲವರು ಈಗ ಗಾಡಿ ನೋಡೋಕೆ ನನ್ನನ್ನೇ ಕರೆಯುತ್ತಾರೆ.

ಕಡಿಮೆ ಓಡಿದ ಗಾಡಿಗಳಲ್ಲಿ ಹೆಚ್ಚಿನವು ಎರಡು ಮೂರು ಕಿ.ಮೀ. ಓಡಿ ನಿಂತು, ಮತ್ತೆ ಅಷ್ಟೇ ಓಡಿದವು. ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರ್‌ನೊಳಗೇ ಚಿಮ್ಮುವ ಎಂಜಿನ್) ಆದರೆ ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದುಕೊಂಡು ಕೆಳಗಿನ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ ಇಳಿಯುತ್ತದೆ. ಕಿ.ಮೀ. ಆಗಿಲ್ಲವಲ್ಲ ಅಂತ ಆಯಿಲನ್ನೂ ಎರಡು ವರ್ಷ ಬದಲಿಸಿರುವುದಿಲ್ಲ. ಡಿಪ್‌ಸ್ಟಿಕ್ ಎಳೆದರೆ ಮಟ್ಟ ಮೇಲಿನ ಗೆರೆಗಿಂತ ಮೇಲಿರುತ್ತದೆ, ಮೂಸಿದರೆ ಪೆಟ್ರೋಲ್ ವಾಸನೆ. ಮಾರುವವರು ಅದನ್ನೇ ತೋರಿಸಿ ‘ನೋಡಿ, ಒಂದು ಹನಿ ಆಯಿಲ್ ಕುಡಿಯಲ್ಲ’ ಅನ್ನುತ್ತಾರೆ! ಆ ತೆಳು ಆಯಿಲ್‌ನಲ್ಲೇ ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬೇಕು.

ಹಾಗಾಗಿ ನನ್ನ ಮೊದಲ ಷರತ್ತು, ಎಂಜಿನ್ ತಣ್ಣಗಿರಬೇಕು. ಬಾನೆಟ್ ಮುಟ್ಟಿ ನೋಡಿದರೆ ಸಾಲದು. ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದುವ ಸಾಧನ) ಹಾಕಿ, ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಕೂಲೆಂಟ್ ಮತ್ತು ಇನ್‌ಟೇಕ್ ಗಾಳಿಯ ಉಷ್ಣಾಂಶ ಓದಿ. ಕೂಲೆಂಟ್ ಗಾಳಿಗಿಂತ ಸಾಕಷ್ಟು ಬಿಸಿಯಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿರುವ ಸಾಧ್ಯತೆ ಹೆಚ್ಚು. ಟೈಮಿಂಗ್ ಚೈನ್ ಗಡಗಡ, ಸವೆದ ವಾಲ್ವ್ ಸೀಲ್‌ನ ನೀಲಿ ಹೊಗೆ ಎರಡೂ ಮೊದಲ ಐದಾರು ಸೆಕೆಂಡಿನ ಮಾತು, ಬಿಸಿ ಎಂಜಿನ್‌ನಲ್ಲಿ ಸಿಗುವುದಿಲ್ಲ. ಅದೇ ಹೊತ್ತಿಗೆ ಕಂಪ್ಯೂಟರ್‌ನ ದೋಷದ ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅನ್ನುವುದನ್ನೂ ನೋಡಿಬಿಡಿ. 20 ಕಿ.ಮೀ. ಅಂತ ಬಂದು, ರೆಡಿನೆಸ್ ಮಾನಿಟರ್‌ಗಳು (ಗಾಡಿ ತನ್ನನ್ನೇ ಮಾಡಿಕೊಳ್ಳುವ ತಪಾಸಣೆಗಳು) ಅರ್ಧಂಬರ್ಧ ಇದ್ದರೆ ನಾನು ಮುಂದೆ ಮಾತಾಡುವುದಿಲ್ಲ. ಬ್ಯಾಟರಿ ಬದಲಿಸಿದೆವು, ಅದಕ್ಕೇ ಅಳಿಸಿಹೋಯಿತು ಅನ್ನುತ್ತಾರೆ ಮಾರುವವರು. ಇರಬಹುದು, 200 ಕಿ.ಮೀ. ಓಡಿಸಿ ಮತ್ತೆ ಕರೆಯಿರಿ ಅಂದರೆ ಮುಗಿಯಿತು.

ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಯಿಲ್ ಕ್ಯಾಪ್ ತಿರುಗಿಸಿ ಎತ್ತಬೇಕು. ಸ್ವಲ್ಪ ಎಳೆತ ಸಹಜ. ಕ್ಯಾಪ್ ಅಂಟಿಕೊಂಡು, ಎತ್ತುವಾಗ ಹೂಂ ಅಂತ ಸದ್ದು ಬಂದರೆ ಪಿಸಿವಿ (ಎಂಜಿನ್ ಒಳಗಿನ ಹೊಗೆಯನ್ನು ಇನ್‌ಟೇಕ್‌ಗೆ ಮರಳಿಸುವ ವಾಲ್ವ್) ಡಯಾಫ್ರಮ್ ಹರಿದಿರುತ್ತದೆ. ಸ್ಕ್ಯಾನರ್‌ನಲ್ಲೂ ಅದು ಕಾಣುತ್ತದೆ: ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಇಂಧನವನ್ನು ಎಷ್ಟು ಶೇಕಡಾ ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವುದು) ಐಡಲ್‌ನಲ್ಲಿ +12ರ ಹತ್ತಿರ, 2,500 ಆರ್‌ಪಿಎಂಗೆ ಏರಿಸಿದರೆ +3ಕ್ಕೆ ಇಳಿಯುತ್ತದೆ. ಉಲ್ಟಾ, ಅಂದರೆ ಐಡಲ್‌ನಲ್ಲಿ ಸರಿಯಿದ್ದು ಲೋಡ್‌ನಲ್ಲಿ ಏರಿದರೆ, ಇಂಧನ ಸಾಲುತ್ತಿಲ್ಲ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಹೈ ಪ್ರೆಷರ್ ಫ್ಯೂಯಲ್ ಪಂಪ್ ನೋಡಿ, ದುಬಾರಿ ಬಾಬ್ತು. ಡಯಾಫ್ರಮ್ ಮಾತ್ರ ನನಗೆ ಇಷ್ಟದ ದೋಷ. ಹಲವು ಎಂಜಿನ್‌ಗಳಲ್ಲಿ ಅದು ವಾಲ್ವ್ ಕವರ್‌ನೊಳಗೇ ಇರುವುದರಿಂದ ಮಾರುವವರಿಗೆ ಭಯ ಜಾಸ್ತಿ, ಖರ್ಚು ಕಡಿಮೆ. ಬೆಲೆ ಇಳಿಸೋಕೆ ಅದಕ್ಕಿಂತ ಒಳ್ಳೆ ಅಸ್ತ್ರ ಇಲ್ಲ.

ಬೂಸ್ಟ್ ಲಾಗ್ (ಟರ್ಬೊ ತುಂಬುವ ಒತ್ತಡವನ್ನು ಸ್ಕ್ಯಾನರ್‌ನಲ್ಲಿ ದಾಖಲಿಸುವುದು) ಎಲ್ಲರೂ ಮಾಡುತ್ತಾರೆ, ಆದರೆ ಎಂಜಿನ್ ಆಫ್ ಇದ್ದಾಗ ಮ್ಯಾಪ್ ಸೆನ್ಸರ್ (ಇನ್‌ಟೇಕ್ ಗಾಳಿಯ ಒತ್ತಡ ಅಳೆಯುವುದು) ಎಷ್ಟು ತೋರಿಸುತ್ತದೆ ಅಂತ ಬರೆದಿಟ್ಟುಕೊಳ್ಳುವುದಿಲ್ಲ. ಎತ್ತರದ ಊರಲ್ಲಿ ಅದೇ 90 ಕಿಲೋಪ್ಯಾಸ್ಕಲ್ ಇರುತ್ತದೆ. ಮೂರನೇ ಗೇರ್‌ನಲ್ಲಿ 2,000ದಿಂದ 4,500 ಆರ್‌ಪಿಎಂವರೆಗೆ ಆಕ್ಸಿಲರೇಟರ್ ಪೂರ್ತಿ ತುಳಿದರೆ ಈ ವರ್ಗದ ಬಹುತೇಕ ಎಂಜಿನ್‌ಗಳು ಅದಕ್ಕಿಂತ ಸುಮಾರು 80–110 ಕಿಲೋಪ್ಯಾಸ್ಕಲ್ ಮೇಲೆ ಹೋಗಿ ಅಲ್ಲೇ ನಿಲ್ಲಬೇಕು. ನಿಧಾನಕ್ಕೆ ಏರಿದರೆ ಇಂಟರ್‌ಕೂಲರ್ (ಟರ್ಬೊ ಗಾಳಿ ತಣಿಸುವ ರೇಡಿಯೇಟರ್) ಹೋಸ್ ಸೋರಿಕೆ, ಏರಿ ಇಳಿದು ಮಾಡಿದರೆ ವೇಸ್ಟ್‌ಗೇಟ್ (ಟರ್ಬೊ ಒತ್ತಡ ಮಿತಿಯಲ್ಲಿಡುವ ಕವಾಟ). ವೇಸ್ಟ್‌ಗೇಟ್ ಬುಷ್ ಸವೆದಿದೆಯೋ ಇಲ್ಲವೋ ಬಿಚ್ಚದೆ ಹೇಳುವ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಮಾರುವವರು ಸ್ಪಾರ್ಕ್ ಪ್ಲಗ್ ತೆಗೆಯೋಕೆ ಒಪ್ಪದಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಪ್ಲಗ್ ತೂತಿನಿಂದ ಬೋರೋಸ್ಕೋಪ್ (ಸಣ್ಣ ಕ್ಯಾಮೆರಾ) ಇಳಿಸಿದಾಗ ನೋಡಬೇಕಾದದ್ದು ಪಿಸ್ಟನ್ ಅಂಚು. ಕಡಿಮೆ ಆರ್‌ಪಿಎಂನಲ್ಲಿ ಟಾಪ್ ಗೇರ್ ಹಾಕಿ ತುಳಿದು ತುಳಿದು ಪ್ರೀ-ಇಗ್ನಿಷನ್ (ಕಿಡಿಗೂ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುವುದು) ಆದ ಎಂಜಿನ್‌ನಲ್ಲಿ ಪಿಸ್ಟನ್ನಿನ ರಿಂಗ್ ಕೂರುವ ಜಾಗವೇ ಮುರಿಯಬಹುದು. ನಾನು ಕೈಬಿಟ್ಟ ಒಂದು ಗಾಡಿಯಲ್ಲಿ ಎರಡು ಸಿಲಿಂಡರ್ ಸರಿಯಾಗಿದ್ದವು, ಮೂರನೆಯದರ ಕಂಪ್ರೆಷನ್ ಕಾಲು ಭಾಗ ಕಡಿಮೆ, ಗೋಡೆ ಮೇಲೆ ಉದ್ದುದ್ದ ಗೀರು. ಹೊರಗಿಂದ ಷೋರೂಮ್ ಹೊಳಪು. ಆಯಿಲ್ ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಅಥವಾ ಎಸ್‌ಎನ್ ಪ್ಲಸ್ ಅನ್ನುವ ಗುಣಮಟ್ಟದ ಗುರುತು ಇರಬೇಕು ಅನ್ನುವುದು ಇದಕ್ಕೇ.

ಬೆಲ್ಟ್ ವಿಚಾರ ಬೇರೆ. ಫೋರ್ಡ್ 1.0 ಇಕೋಬೂಸ್ಟ್, ಪ್ಯೂಜೊ-ಸಿಟ್ರೋಯೆನ್ 1.2 ಪ್ಯೂರ್‌ಟೆಕ್‌ಗಳ ಹಳೆಯ ಆವೃತ್ತಿಗಳಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಓಡುತ್ತದೆ. ಪೆಟ್ರೋಲ್ ಬೆರೆತ ಆಯಿಲ್‌ನಲ್ಲಿ ರಬ್ಬರ್ ಉಬ್ಬಿ, ಚೂರು ಉದುರಿ, ಸಂಪ್‌ನ ಜಾಲರಿ ಕಟ್ಟುತ್ತದೆ. ಪ್ಯೂರ್‌ಟೆಕ್‌ನಲ್ಲಿ ಆಯಿಲ್ ತುಂಬುವ ಬಾಯಿಂದಲೇ ಬೆಲ್ಟ್ ಕಾಣುತ್ತದೆ. ಅಂಚು ನಾರಾಗಿದೆಯಾ, ಬೆನ್ನಲ್ಲಿ ಬಿರುಕಿದೆಯಾ ನೋಡಿ, ಗೇಜ್ ಹಾಕಿ ಅಗಲ ಅಳೆಯಿರಿ. ಇಲ್ಲೂ ಕಡಿಮೆ ಓಡಿದ ಗಾಡಿಯೇ ಹೆಚ್ಚು ಅಪಾಯ.

ಗೇರ್‌ಬಾಕ್ಸ್ ಬಗ್ಗೆ ಉದ್ದ ಬರೆಯುವುದಿಲ್ಲ. ಡ್ರೈ ಡ್ಯುಯಲ್ ಕ್ಲಚ್ (ಆಯಿಲ್‌ನಲ್ಲಿ ಮುಳುಗದ ಎರಡು ಕ್ಲಚ್‌ಗಳ ಆಟೊಮ್ಯಾಟಿಕ್) ಆದರೆ ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಏರಿನಲ್ಲಿ ತೆವಳಿಸಿ. ನಡುಗಿದರೆ ಕ್ಲಚ್ ಪ್ಯಾಕ್.

ದುಡ್ಡಿನ ಲೆಕ್ಕಕ್ಕೆ ನಿಮ್ಮ ಒಟ್ಟು ಬಜೆಟ್ 100 ಅಂತಿಟ್ಟುಕೊಳ್ಳಿ. 15 ಕೈಯಲ್ಲಿಟ್ಟುಕೊಂಡೇ ಹೋಗಬೇಕು, ಅಂದರೆ 85ರ ಗಾಡಿ ಹುಡುಕಬೇಕು. ನನಗೆ ಆಯಿಲ್, ಪ್ಲಗ್, ಕೂಲೆಂಟ್, ಫಿಲ್ಟರ್ ಸೇರಿ 3ರ ಹತ್ತಿರ, ವಾಲ್ವ್ ಕವರ್ ಮತ್ತು ಎರಡು ಹೋಸ್‌ಗೆ 2, ವಾಲ್ವ್ ಮೇಲಿನ ಕಾರ್ಬನ್‌ ತೆಗೆಯೋಕೆ ವಾಲ್‌ನಟ್ ಬ್ಲಾಸ್ಟ್ (ಅಕ್ರೋಟ್ ಚಿಪ್ಪಿನ ಪುಡಿ ಊದುವುದು) ಮಾಡಿಸಿದ್ದಕ್ಕೆ ಒಂದೂವರೆ ಹೋಯಿತು. ಟೈರ್‌ಗೆ 5. ಉಳಿದದ್ದು ಟರ್ಬೊಗೆ ಅಂತ ಎತ್ತಿಟ್ಟದ್ದು, ಹಾಗೇ ಇದೆ. ಟಾಟಾ 1.2 ರೆವೊಟ್ರಾನ್ ಟರ್ಬೊದಂಥ ಪೋರ್ಟ್ ಇಂಜೆಕ್ಷನ್ ಎಂಜಿನ್ ಆದರೆ ಪೆಟ್ರೋಲ್ ವಾಲ್ವ್ ಬೆನ್ನ ಮೇಲೇ ಬೀಳುವುದರಿಂದ ಆ ಒಂದೂವರೆಯೂ ಉಳಿಯುತ್ತದೆ.

ನಡುವೆ ಕ್ಯಾಚ್ ಕ್ಯಾನ್ (ಪಿಸಿವಿ ಹೊಗೆಯ ಆಯಿಲ್ ಹಿಡಿಯುವ ಡಬ್ಬಿ) ಹಾಕಿ ನೋಡಿದೆ. ಚಳಿಯಲ್ಲಿ ಹಾಲಿನ ಬಣ್ಣದ ನೀರು, ಬೇಸಿಗೆಯಲ್ಲಿ ನಾಲ್ಕೈದು ಚಮಚ ಆಯಿಲ್ ಸಿಕ್ಕಿತು. 10 ಸಾವಿರ ಕಿ.ಮೀ. ಆದಮೇಲೆ ವಾಲ್ವ್ ನೋಡಿದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಇಲ್ಲ, ಬಿಚ್ಚಿಟ್ಟೆ. ಹೆಚ್ಚಿನ ಆಕ್ಟೇನ್ ಪೆಟ್ರೋಲ್‌ನಲ್ಲಿ ಬಿಸಿಲಲ್ಲಿ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಚ್ಚುವ ಸಮಯ) ಎರಡು ಮೂರು ಡಿಗ್ರಿ ಮುಂದೆ ಬಂತು, ಮೈಲೇಜ್ ಮಾತ್ರ ಬೆಲೆಯ ವ್ಯತ್ಯಾಸ ತೀರಿಸಲಿಲ್ಲ. ಕೆಲಸಕ್ಕೆ ಬಂದದ್ದು ಪ್ಲಗ್ ಗ್ಯಾಪ್ (ಪ್ಲಗ್ ತುದಿಯ ಕಿಡಿ ಹಾರುವ ಅಂತರ). ಸವೆದು 0.9 ಮಿ.ಮೀ. ದಾಟಿದ್ದನ್ನು 0.7ರ ಹೊಸದಕ್ಕೆ ಬದಲಿಸಿದ್ದೇ ತಡ, ನಾಲ್ಕನೇ ಗೇರ್‌ನ ಮುಗ್ಗರಿಕೆ ಹೋಯಿತು. ಅದಕ್ಕೂ ಮುಂಚೆ ಕೆಲವರು ಇಗ್ನಿಷನ್ ಕಾಯಿಲ್ ಬದಲಿಸಿ ಅಂದಿದ್ದರು, ಕಾಯಿಲ್ ಮೂರೂ ಹಳೆಯವೇ ಇವೆ.

ಈಗ ಆಯಿಲ್ 7–8 ಸಾವಿರ ಕಿ.ಮೀ.ಗೆ ಬದಲಾಗುತ್ತಿದೆ, ಕೈಪಿಡಿಯ 15 ಸಾವಿರ ನಾನು ಲೆಕ್ಕಕ್ಕೇ ಇಟ್ಟಿಲ್ಲ. ವಾಟರ್ ಪಂಪ್ ಕೆಳಗೆ ಕೂಲೆಂಟ್ ಒಣಗಿದ ಗುಲಾಬಿ ಬಣ್ಣದ ಕಲೆ ಶುರುವಾಗಿದೆ. ಮುಂದಿನ ಆಯಿಲ್ ಜೊತೆಗೆ ಪಂಪು, ಥರ್ಮೋಸ್ಟ್ಯಾಟ್ ಎರಡನ್ನೂ ಒಟ್ಟಿಗೇ ಬಿಚ್ಚುವುದು, ಕೂಲೆಂಟ್ ಎರಡು ಸಲ ಸುರಿಯುವ ಕೆಲಸ ತಪ್ಪುತ್ತದೆ.