ಋಣ ತೀರಿದರೆ ಉತ್ಕರ್ಷಣ: ರೆಡಾಕ್ಸ್ ನನಗೆ ಅರ್ಥವಾದ ಬಗೆ

ಆಕ್ಸಿಜನ್ ಸೇರಿದರೆ ಉತ್ಕರ್ಷಣ, ಬಿಟ್ಟುಹೋದರೆ ಅಪಕರ್ಷಣ. ಇಷ್ಟನ್ನೇ ಬಾಯಿಪಾಠ ಮಾಡಿಕೊಂಡು ತುಂಬಾ ದಿನ ಕಳೆದೆ. ಮೆಗ್ನೀಸಿಯಂ ಉರಿಯೋದಕ್ಕೆ, ಕಬ್ಬಿಣ ತುಕ್ಕು ಹಿಡಿಯೋದಕ್ಕೆ ಅದು ಸಾಕಿತ್ತು. ಆದರೆ ಸೋಡಿಯಂ ಮತ್ತು ಕ್ಲೋರಿನ್ ಸೇರಿ ಉಪ್ಪಾಗುವುದೂ ರೆಡಾಕ್ಸ್ (ಉತ್ಕರ್ಷಣ, ಅಪಕರ್ಷಣ ಎರಡೂ ಸೇರಿದ) ಕ್ರಿಯೆಯೇ ಅಂತ ಓದಿದಾಗ ತಲೆ ಕೆಟ್ಟುಹೋಯಿತು. ಅಲ್ಲಿ ಆಕ್ಸಿಜನ್ನೇ ಇಲ್ಲವಲ್ಲ!

ಆಮೇಲೆ ಗೊತ್ತಾಯಿತು, ಆ ವಿವರಣೆ ಹಳೇ ಕಾಲದ್ದು. ಉರಿಯುವುದು ಅಂದರೆ ಆಕ್ಸಿಜನ್ ಜೊತೆ ಸೇರುವುದು ಅಂತ 18ನೇ ಶತಮಾನದಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಲಾವೋಸಿಯೇ ತೋರಿಸಿದಾಗ, ಪರಮಾಣುವಿನೊಳಗೆ ಎಲೆಕ್ಟ್ರಾನ್ ಅನ್ನೋ ಪುಟ್ಟ ಕಣ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಬ್ರಿಟಿಷ್ ಭೌತವಿಜ್ಞಾನಿ ಥಾಮ್ಸನ್ ಅದನ್ನು ಕಂಡುಹಿಡಿದದ್ದು 1897ರಲ್ಲಿ. ಹೆಸರು ಹಾಗೇ ಉಳಿಯಿತು, ಅರ್ಥ ಹಿಗ್ಗಿತು. ಎಲೆಕ್ಟ್ರಾನ್ ಕಳೆದುಕೊಂಡರೆ ಉತ್ಕರ್ಷಣ, ಪಡೆದರೆ ಅಪಕರ್ಷಣ.

ಇದೂ ನನಗೆ ಉಲ್ಟಾ ಕಾಣುತ್ತಿತ್ತು. ಉತ್ಕರ್ಷ ಅಂದರೆ ಏಳಿಗೆ ಅಲ್ವಾ? ಕಳೆದುಕೊಂಡವರಿಗೆ ಏಳಿಗೆ ಹೇಗೆ? ಒಂದು ದಿನ ‘ಋಣ ಆವೇಶ’ ಅನ್ನೋ ಪದದ ಮೇಲೆ ಕಣ್ಣು ನಿಂತಿತು. ಎಲೆಕ್ಟ್ರಾನ್ ಹೊತ್ತಿರುವುದು ಋಣ. ಋಣ ಅಂದರೆ ಸಾಲ. ಸಾಲ ತೀರಿಸಿದವರ ಲೆಕ್ಕ ಮೇಲೇರುತ್ತದೆ, ಸಾಲ ಹೊತ್ತವರದು ಇಳಿಯುತ್ತದೆ. ನಮ್ಮ ಭಾಷೆಯ ಪದದಲ್ಲೇ ಉತ್ತರ ಇತ್ತು, ನಾನೇ ನೋಡಿರಲಿಲ್ಲ. ಅಂದಿನಿಂದ ಈ ಗೊಂದಲ ಮತ್ತೆ ಬಂದಿಲ್ಲ.

ಕಣ್ಣಾರೆ ನೋಡಿದ್ದು ಕಬ್ಬಿಣದ ಮೊಳೆಯಲ್ಲಿ. ಮರಳು ಕಾಗದದಲ್ಲಿ ಚೆನ್ನಾಗಿ ಉಜ್ಜಿ, ದಾರ ಕಟ್ಟಿ ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಮೊಳೆಗೆ ಕಂದುಗೆಂಪು ಪದರ ಹತ್ತಿತು, ನೀಲಿ ಮಾಸುತ್ತಾ ಬಂತು. ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಆವೇಶದ ಲೆಕ್ಕದಲ್ಲಿ ಸೊನ್ನೆಯಿಂದ +2ಕ್ಕೆ ಏರಿ ನೀರಿಗಿಳಿಯಿತು, ಅದೇ ಎರಡನ್ನು ತಾಮ್ರ ತೆಗೆದುಕೊಂಡು +2ರಿಂದ ಸೊನ್ನೆಗೆ ಇಳಿದು ಮೊಳೆಯ ಮೇಲೆ ಕೂತಿತು. ಒಂದು ಕಡೆ ಬಿಟ್ಟಿದ್ದು ಇನ್ನೊಂದು ಕಡೆ ಹೋಗಲೇಬೇಕು. ಹಾಗಾಗಿ ಇವೆರಡು ಯಾವತ್ತೂ ಜೋಡಿಯಾಗೇ ನಡೆಯುತ್ತವೆ. ಇನ್ನೊಂದು ಚಂದದ ವಿಷಯ: 56 ಗ್ರಾಂ ಕಬ್ಬಿಣ ಕರಗಿದರೆ ಸುಮಾರು 63.5 ಗ್ರಾಂ ತಾಮ್ರ ಬರುತ್ತದೆ. ಅಂದರೆ ತಾಮ್ರ ಉದುರದೆ ಅಂಟಿಕೊಂಡಿದ್ದರೆ, ಕರಗುತ್ತಿರುವ ಮೊಳೆಯ ತೂಕ ಜಾಸ್ತಿಯಾಗಬೇಕು!

ಉತ್ಕರ್ಷಣಕಾರಿ, ಅಪಕರ್ಷಣಕಾರಿ ಪದಗಳೂ ಇಲ್ಲೇ ಬಿಡಿಸಿಕೊಂಡವು. ಉತ್ಕರ್ಷಣಕಾರಿ ಬೇರೆಯವರ ಎಲೆಕ್ಟ್ರಾನ್ ಎಳೆದುಕೊಳ್ಳುತ್ತದೆ, ಅದರಿಂದ ತಾನು ಅಪಕರ್ಷಣೆ ಹೊಂದುತ್ತದೆ. ಇಲ್ಲಿ ಅದು ತಾಮ್ರದ ಅಯಾನು, ಅಂದರೆ ಆವೇಶ ಹೊತ್ತ ತಾಮ್ರ. ಎಲೆಕ್ಟ್ರಾನ್ ಕೊಡುವ ಕಬ್ಬಿಣ ಅಪಕರ್ಷಣಕಾರಿ.

ನಿಜವಾಗಿ ಕಾಡಿದ್ದು ಸಮೀಕರಣ ಸರಿದೂಗಿಸೋದು, ಅದರಲ್ಲೂ ಪರ್ಮಾಂಗನೇಟ್, ಅಂದರೆ ಒಂದು ಮ್ಯಾಂಗನೀಸ್‌ಗೆ ನಾಲ್ಕು ಆಕ್ಸಿಜನ್ ಸೇರಿದ ನೇರಳೆ ಬಣ್ಣದ ಅಯಾನು, ಕಬ್ಬಿಣದ ಜೊತೆ ವರ್ತಿಸುವಾಗ. ಸುಮ್ನೆ ಅಂಕಿ ಹಾಕಿ ಹಾಕಿ ಅಳಿಸುತ್ತಿದ್ದೆ. ಈಗ ಮೊದಲು ಉತ್ಕರ್ಷಣ ಸಂಖ್ಯೆ, ಅಂದರೆ ಮೊಳೆಯಲ್ಲಿ ನೋಡಿದ ಸೊನ್ನೆ, +2ರಂಥ ಲೆಕ್ಕ, ಬರೆಯುತ್ತೇನೆ. ಆಕ್ಸಿಜನ್ ಒಂದಕ್ಕೆ -2. ನಾಲ್ಕು ಆಕ್ಸಿಜನ್‌ಗೆ -8, ಇಡೀ ಅಯಾನಿಗೆ -1, ಹಾಗಾದರೆ ಮ್ಯಾಂಗನೀಸ್ +7. ಆಮ್ಲದಲ್ಲಿ ಅದು +2ಕ್ಕೆ ಇಳಿಯುತ್ತದೆ, ಅಂದರೆ ಐದು ಎಲೆಕ್ಟ್ರಾನ್ ಬೇಕು. +2ರ ಕಬ್ಬಿಣ +3 ಆಗುವಾಗ ಕೊಡೋದು ಒಂದೇ. ಅದಕ್ಕೇ ಒಂದು ಪರ್ಮಾಂಗನೇಟ್‌ಗೆ ಐದು ಕಬ್ಬಿಣ. ಆ ನಾಲ್ಕು ಆಕ್ಸಿಜನ್ ನೀರಾಗಲು ಎಂಟು ಹೈಡ್ರೋಜನ್ ಅಯಾನು. ಎಡಕ್ಕೆ ಆವೇಶ ಕೂಡಿ: -1, +8, +10, ಒಟ್ಟು +17. ಬಲಕ್ಕೆ +2 ಮತ್ತು +15. ಸರಿಹೋಯಿತು. ಈ ಕೊನೆಯ ತಾಳೆ ನೋಡದೆ ನಾನು ಮುಂದಕ್ಕೆ ಹೋಗುವುದೇ ಇಲ್ಲ.

ಆ ಎಂಟು ಹೈಡ್ರೋಜನ್ ಎಷ್ಟು ಮುಖ್ಯ ಅಂತ ತಿಳಿದಿದ್ದು ಟೈಟ್ರೇಷನ್ ಮಾಡುವಾಗ, ಅಂದರೆ ಕಬ್ಬಿಣದ ದ್ರಾವಣಕ್ಕೆ ಪರ್ಮಾಂಗನೇಟ್ ಹನಿ ಹನಿಯಾಗಿ ಹಾಕಿ ಎಷ್ಟು ಬೇಕಾಯಿತು ಅಂತ ಅಳೆಯುವಾಗ. ಸಲ್ಫ್ಯೂರಿಕ್ ಆಮ್ಲ ಕಮ್ಮಿ ಹಾಕಿಬಿಟ್ಟಿದ್ದೆ. ನೇರಳೆ ಹನಿ ಬಿದ್ದ ಕೂಡಲೇ ಬಣ್ಣ ಕಳೆದುಕೊಳ್ಳಬೇಕಿದ್ದ ದ್ರಾವಣ ಕಂದಾಗಿ ಕದಡಿಹೋಯಿತು. ಅದು ಮ್ಯಾಂಗನೀಸ್ ಡೈಆಕ್ಸೈಡ್. ಮ್ಯಾಂಗನೀಸ್ ಐದರ ಬದಲು ಮೂರೇ ಎಲೆಕ್ಟ್ರಾನ್ ತೆಗೆದುಕೊಂಡು +4ರಲ್ಲೇ ನಿಂತುಬಿಟ್ಟಿತ್ತು, ಲೆಕ್ಕವೆಲ್ಲಾ ತಪ್ಪಿತು. ಅದನ್ನು ಚೆಲ್ಲಿ, ಫ್ಲಾಸ್ಕ್ ತೊಳೆದು, ಆಮ್ಲ ಸಾಕಷ್ಟು ಹಾಕಿ ಮತ್ತೆ ಶುರು ಮಾಡಿದೆ. ಈ ಸಲ ಹನಿ ಹನಿಯೂ ಮಾಯವಾಗುತ್ತಾ ಹೋಗಿ, ಕೊನೆಯ ಒಂದೇ ಹನಿಗೆ ತಿಳಿಗುಲಾಬಿ ನಿಂತಿತು.