ಪಾಯ ತೋಡುವ ಮೊದಲು ಮಣ್ಣನ್ನು ಕೇಳಿ: ಪರೀಕ್ಷಾ ಉತ್ಖನನ ಮಾಡುವುದು ಹೇಗೆ?

ಹೊಸ ಬಡಾವಣೆಗೆ ಪಾಯ ತೋಡುವಾಗ ಹಳೆಯ ಗೋಡೆ ಕಾಣಿಸಿಕೊಂಡರೆ ಆಗಲೇ ತಡವಾಗಿರುತ್ತದೆ. ಅಷ್ಟರಲ್ಲಿ ಯಂತ್ರ ಅದರ ಅರ್ಧ ಕಿತ್ತು ಹಾಕಿರುತ್ತದೆ. ಅದಕ್ಕೇ ಕಟ್ಟಡದ ನಕ್ಷೆ ಇನ್ನೂ ಬದಲಾಯಿಸಬಹುದು ಅನ್ನುವಾಗಲೇ ಪರೀಕ್ಷಾ ಉತ್ಖನನ ಮುಗಿಸಬೇಕು. ಇಡೀ ಜಾಗ ಅಗೆಯುವ ಕೆಲಸ ಇದಲ್ಲ. ಕೆಳಗೆ ಏನಾದರೂ ಇದೆಯಾ, ಎಷ್ಟು ಆಳದಲ್ಲಿದೆ, ಎಷ್ಟು ಚೆನ್ನಾಗಿ ಉಳಿದಿದೆ ಅಂತ ತಿಳಿದರೆ ಸಾಕು. ಅನುಮತಿ ಇಲ್ಲದೆ, ಪುರಾತತ್ವ ಬಲ್ಲವರಿಲ್ಲದೆ ಮಾತ್ರ ಇದಕ್ಕೆ ಕೈ ಹಾಕಬೇಡಿ.

ಮೊದಲು ಕೂತು ಮಾಡುವ ಕೆಲಸ. ಹಳೆಯ ನಕ್ಷೆ, ಆಕಾಶದಿಂದ ತೆಗೆದ ಚಿತ್ರ ನೋಡಿ. ಮ್ಯಾಗ್ನೆಟೋಮೀಟರ್ (ನೆಲದ ಕಾಂತಶಕ್ತಿಯ ಏರುಪೇರು ಅಳೆಯುವ ಉಪಕರಣ) ಹಿಡಿದು ಜಾಗದ ಉದ್ದಗಲ ನಡೆದರೆ ಸುಟ್ಟ ಒಲೆ, ಮುಚ್ಚಿಹೋದ ಕಂದಕ ಎಷ್ಟೋ ಸಲ ಮೇಲಿನಿಂದಲೇ ಸುಳಿವು ಕೊಡುತ್ತವೆ.

ಆಮೇಲೆ ಟ್ರೆಂಚ್, ಅಂದರೆ ಕಾಲುವೆಯಂಥ ಉದ್ದನೆಯ ತೋಡು, ಎಲ್ಲೆಲ್ಲಿ ಅಂತ ಗುರುತು ಹಾಕಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸುಮಾರು 2 ಮೀಟರ್ ಅಗಲ, 30ರಿಂದ 50 ಮೀಟರ್ ಉದ್ದ ಇಡುತ್ತಾರೆ. ಎಲ್ಲಾ ಸೇರಿ ಜಾಗದ 2ರಿಂದ 5 ಶೇಕಡಾ ಅಷ್ಟೇ. ಸುಳಿವು ಸಿಕ್ಕ ಕಡೆ ಮಾತ್ರ ಅಲ್ಲ, ಏನೂ ಇಲ್ಲ ಅನಿಸಿದ ಕಡೆಯೂ ಒಂದೆರಡು ಹಾಕಲೇಬೇಕು, ಯಾಕೆಂದರೆ ಹಳೆಯ ಕಾಲದ ಸಣ್ಣ ಗುಂಡಿಗಳು ಎಷ್ಟೋ ಸಲ ಮ್ಯಾಗ್ನೆಟೋಮೀಟರಿನ ಕಣ್ಣಿಗೆ ಬೀಳುವುದಿಲ್ಲ.

ಕರೆಂಟ್ ಕೇಬಲ್, ನೀರಿನ ಪೈಪ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಜೆಸಿಬಿ ತರಿಸಿ. ಬಕೆಟ್ಟಿಗೆ ಹಲ್ಲು ಇರಬಾರದು! ಹಲ್ಲಿನ ಬಕೆಟ್ ನೆಲವನ್ನು ಗೀರಿ ಕೆಡಿಸುತ್ತದೆ, ಚಪ್ಪಟೆ ಅಂಚಿನದು ಬೆಣ್ಣೆ ತೆಗೆದ ಹಾಗೆ ತೆಳುವಾಗಿ ಮಣ್ಣು ಎತ್ತುತ್ತದೆ. ಪಕ್ಕದಲ್ಲಿ ಒಬ್ಬರು ನಿಂತು ನೋಡುತ್ತಲೇ ಇರಬೇಕು. ಮಣ್ಣಿನ ಬಣ್ಣ ಬದಲಾಯಿತೋ, ಯಂತ್ರ ನಿಲ್ಲಿಸಿ. ಮೇಲ್ಮಣ್ಣು ಒಂದು ರಾಶಿ, ಕೆಳಮಣ್ಣು ಇನ್ನೊಂದು ರಾಶಿ. ಆಳ ಜಾಸ್ತಿಯಾದರೆ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಮಣ್ಣು ಕುಸಿದರೆ ಜೀವಕ್ಕೇ ಅಪಾಯ.

ಇನ್ನು ಕರಣೆಯ ಸರದಿ. ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇದೇ. ಕರಣೆಯನ್ನು ನಿಮ್ಮ ಕಡೆಗೆ ಎಳೆಯುತ್ತಾ ಹಿಂದಕ್ಕೆ ಸರಿಯಿರಿ, ಆಗ ಕೆರೆದ ಜಾಗವನ್ನು ನೀವೇ ತುಳಿಯುವುದಿಲ್ಲ. ಮರದ ಕಂಬ ಕೊಳೆತು ಎಷ್ಟೋ ಕಾಲವಾಗಿರುತ್ತದೆ, ಆದರೆ ಅದು ನಿಂತಿದ್ದ ಗುಂಡಿಯಲ್ಲಿ ತುಂಬಿದ ಮಣ್ಣು ಸುತ್ತಲಿನದಕ್ಕಿಂತ ಕಪ್ಪಾಗಿಯೋ ಮೆತ್ತಗೋ ಇರುತ್ತದೆ. ಅಂಥ ದುಂಡು ಕಲೆಗಳು ಸಾಲಾಗಿ ಕಂಡರೆ ಅದು ಮನೆಯೇ ಅಲ್ವಾ! ನೆಲ ಒಣಗಿ ಬಣ್ಣ ಕಾಣದಿದ್ದರೆ ನೀರು ಚಿಮುಕಿಸಿ ನೋಡಿ.

ಸಿಕ್ಕ ಗುಂಡಿಗಳನ್ನೆಲ್ಲ ಸುಮ್ನೆ ಖಾಲಿ ಮಾಡಬೇಡಿ. ಕೆಲವನ್ನು ಆರಿಸಿ, ಅರ್ಧ ಮಾತ್ರ ತೆಗೆಯಿರಿ. ಉಳಿದರ್ಧದ ಗೋಡೆಯಲ್ಲಿ ಯಾವ ಮಣ್ಣು ಮೊದಲು ಬಿತ್ತು, ಯಾವುದು ಆಮೇಲೆ ಅನ್ನುವುದು ಕಾಣುತ್ತದೆ. ಪ್ರತಿ ಪದರಕ್ಕೂ ಒಂದು ನಂಬರ್ ಕೊಡಿ, ಅಳತೆಗೋಲು ಇಟ್ಟು ಫೋಟೋ ತೆಗೆಯಿರಿ, ಮೇಲಿನಿಂದ ಕಾಣುವ ನಕ್ಷೆಯನ್ನು 1:20ರಲ್ಲಿ, ಕತ್ತರಿಸಿದ ಗೋಡೆಯನ್ನು 1:10ರಲ್ಲಿ ಬರೆಯಿರಿ. ಯಾವ ಪದರ ಯಾವುದರ ಮೇಲೆ ಅಂತ ಒಂದು ಹಾಳೆಯಲ್ಲಿ ಜೋಡಿಸುವ ವಿಧಾನವನ್ನು 1973ರಲ್ಲಿ ಪುರಾತತ್ವಜ್ಞ ಎಡ್ವರ್ಡ್ ಹ್ಯಾರಿಸ್ ರೂಪಿಸಿದರು, ಇವತ್ತಿಗೂ ಅದನ್ನೇ ಬಳಸುತ್ತಾರೆ.

ಮಡಕೆ ಚೂರು ಸಿಕ್ಕರೆ ಪದರದ ನಂಬರ್ ಬರೆದ ಚೀಲಕ್ಕೆ ಹಾಕಿ. ನಂಬರ್ ತಪ್ಪಿದ ಚೂರು ಎಷ್ಟೇ ಚೆಂದ ಇದ್ದರೂ ಅರ್ಧ ಮೂಕವಾದ ಹಾಗೆ. ಕಪ್ಪು ಮಣ್ಣನ್ನು ಬಕೆಟ್ಟಿನಲ್ಲಿ ತುಂಬಿಡಿ. ಆಮೇಲೆ ನೀರಿಗೆ ಹಾಕಿದರೆ ಸುಟ್ಟ ಕಾಳು, ಇದ್ದಿಲು ತೇಲಿ ಬರುತ್ತವೆ, ಅವುಗಳಲ್ಲಿ ಉಳಿದ ರೇಡಿಯೋಕಾರ್ಬನ್ (ಕಾಲ ಕಳೆದಂತೆ ಕಡಿಮೆಯಾಗುವ ಒಂದು ಬಗೆಯ ಇಂಗಾಲ) ಅಳೆದು ಅವು ಯಾವ ಕಾಲದವು ಅಂತ ತಿಳಿಯಬಹುದು. ಮನುಷ್ಯರ ಮೂಳೆ ಕಂಡರೆ ಅಲ್ಲೇ ನಿಲ್ಲಿಸಿ, ಮುಚ್ಚಿಟ್ಟು, ಅಧಿಕಾರಿಗಳಿಗೆ ತಿಳಿಸಿ.

ಏನೂ ಸಿಗದ ಟ್ರೆಂಚನ್ನೂ ಅಷ್ಟೇ ಶ್ರದ್ಧೆಯಿಂದ ವರದಿಯಲ್ಲಿ ಬರೆಯಿರಿ. ವರದಿ ನೋಡಿದ ಮೇಲೆ ಮನೆಗಳನ್ನು ಆಚೆ ಸರಿಸಿ ಆ ಜಾಗವನ್ನು ಪಾರ್ಕ್ ಆಗಿ ಬಿಡಬಹುದು. ಸರಿಸಲು ಆಗದಿದ್ದರೆ ಆ ಭಾಗವನ್ನಷ್ಟೇ ಪೂರ್ತಿ ಉತ್ಖನನ ಮಾಡಬೇಕು. ಟ್ರೆಂಚ್ ಮುಚ್ಚುವಾಗ ಕೆಳಮಣ್ಣು ಮೊದಲು, ಮೇಲ್ಮಣ್ಣು ಕೊನೆಗೆ.